ಸಕ್ಕರೆ ನಾಡಿಂದ ಸಕ್ಕರೆ ನಾಡಿಗೆ ಬೆಲ್ಲದ ಪಾರ್ಸೆಲ್: ಐದಕ್ಕೆ ಮೂರು ಸ್ಟಾರ್

ಪಾರ್ಸೆಲ್ ತಲುಪಿತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಂಥ ರಿವ್ಯೂ ಓದುವವರಿಗೆ ಬೇಕಾಗಿರೋದು ಅದೊಂದೇ. ಚಕ್ಕುಲಿ ಮುರಿದಿರಲಿಲ್ಲ. ತೊಕ್ಕಿನ ಎಣ್ಣೆ ಒಂದು ತೊಟ್ಟೂ ಸೋರಿರಲಿಲ್ಲ. ಬೆಲ್ಲ ಬೆಲ್ಲವಾಗಿಯೇ ಇತ್ತು. ಹತ್ತು ದಿನ ಅಂದಿದ್ದರು, ಹದಿನೇಳು ದಿನ ಆಯಿತು. ಕೆಜಿಗೆ 680 ರೂಪಾಯಿ ಅಂತ ಬೋರ್ಡ್ ಇತ್ತು, ಕೊನೆಗೆ ಲೆಕ್ಕ ಹಾಕಿದರೆ 1,150ರ ಹತ್ತಿರ ಬಿತ್ತು. ಎರಡು ಸ್ಟಾರ್ ಹೋಗಿದ್ದು ಅಲ್ಲಿ.

ಅಂಗಡಿ ಹೆಸರು ಹಾಕುತ್ತಿಲ್ಲ. ಮಂಡ್ಯದಲ್ಲಿ ವಿದೇಶಕ್ಕೆ ತಿಂಡಿ ಪಾರ್ಸೆಲ್ ಕಳಿಸುವ ಒಂದು ಸಣ್ಣ ಅಂಗಡಿ, ಮೂರು ಜನರ ಹೊಟ್ಟೆಪಾಡು. ಮೈಸೂರಲ್ಲಿ ಇಬ್ಬರನ್ನು ವಿಚಾರಿಸಿದೆ, ಅವರ ಲೆಕ್ಕವೂ ಹೆಚ್ಚುಕಮ್ಮಿ ಇದೇ ಥರ. ಹಾಗಾಗಿ ಒಬ್ಬರ ಹೆಸರು ಹಿಡಿದು ಬೈಯೋದರಲ್ಲಿ ಅರ್ಥ ಇಲ್ಲ. ನೀವು ಯಾವ ಅಂಗಡಿಗೆ ಹೋದರೂ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ಮಗಳು ಇರೋದು ಟೆಕ್ಸಾಸ್‌ನಲ್ಲಿ. ಸಾಮಾನ್ಯವಾಗಿ ಅಂಚೆ ಕಚೇರಿಯಿಂದಲೇ ಕಳಿಸುತ್ತಿದ್ದೆ, ಅಗ್ಗ. ಆದರೆ 2025ರ ಆಗಸ್ಟ್ ಕೊನೆಗೆ ಅಮೆರಿಕದ ಸುಂಕದ ನಿಯಮ ಬದಲಾಗಿ ಅಂಚೆ ಇಲಾಖೆ ಅಲ್ಲಿಗೆ ಬುಕಿಂಗ್ ನಿಲ್ಲಿಸಿತ್ತು. ಅಕ್ಟೋಬರ್ 15ಕ್ಕೆ ಮತ್ತೆ ಶುರು ಮಾಡಿದರು, ಆದರೆ ಅಷ್ಟರಲ್ಲಿ ದಸರಾ ಮುಗಿದಿತ್ತು. ನಮ್ಮ ಮನೆಯವರಿಗೆ ಆಯುಧಪೂಜೆಗೆ ಮಗಳ ಮನೆಯಲ್ಲಿ ಮಂಡ್ಯದ ಬೆಲ್ಲ ಇರಲೇಬೇಕು. "ಅಲ್ಲೂ ಸಿಗುತ್ತೆ ಕಣೇ" ಅಂದೆ. "ಸಿಗೋದು ಕೊಲ್ಲಾಪುರದ್ದು ರೀ" ಅಂದಳು. ಮಾತು ಅಲ್ಲಿಗೆ ಮುಗಿಯಿತು. ಸೆಪ್ಟೆಂಬರ್ 15ರ ಸೋಮವಾರ ಎರಡು ಬ್ಯಾಗ್ ಹೊತ್ತುಕೊಂಡು ಈ ಅಂಗಡಿಗೆ ಹೋದೆ.

ಕೌಂಟರಿನಲ್ಲಿದ್ದ ಹುಡುಗಿ ವಿಳಾಸ ಟೈಪ್ ಮಾಡುತ್ತಾ ಊರು ಕೇಳಿದಳು.

"ಶುಗರ್ ಲ್ಯಾಂಡ್."

"ಅದು ಅಪಾರ್ಟ್‌ಮೆಂಟ್ ಹೆಸರಾ ಅಂಕಲ್? ಊರು ಹೇಳಿ."

"ಊರೇ ಅದು ಕಣಮ್ಮ."

ತಲೆ ಎತ್ತಿ ನೋಡಿದಳು. "ಅಂದ್ರೆ ಸಕ್ಕರೆ ನಾಡು? ನಮ್ದೂ ಅದೇ ಅಲ್ವಾ? ಅಲ್ಲಿಗೆ ಏನ್ ಕಳಿಸ್ತಿದೀರ?"

"ಬೆಲ್ಲ."

ಹಿಂದೆ ನಿಂತಿದ್ದವರು ಜೋರಾಗಿ ನಕ್ಕರು. ನಾನೂ ನಕ್ಕೆ. ಆಮೇಲೆ ಪಿನ್‌ಕೋಡ್‌ನಲ್ಲಿ ಐದೇ ಅಂಕಿ ಇದೆ, ಇನ್ನೊಂದು ಎಲ್ಲಿ ಅಂತ ಕೇಳಿದಳು. ಅಲ್ಲಿ ಇರೋದೇ ಐದು. ವಿದೇಶಕ್ಕೆ ಕಳಿಸುವ ಅಂಗಡಿಯಲ್ಲಿ ಇದನ್ನು ಗಿರಾಕಿ ಹೇಳಿಕೊಡಬೇಕಾ ಅನ್ನಿಸಿತು. ಹೊಸಬಳಂತೆ, ಹೋಗಲಿ ಬಿಡಿ.

ಆ ಊರಿನ ಬಗ್ಗೆ ಸ್ವಲ್ಪ ಹೇಳಬೇಕು. ಪಾರ್ಸೆಲ್ ರಿವ್ಯೂನಲ್ಲಿ ಅದೆಲ್ಲ ಯಾಕೆ ಅಂತ ಅನ್ನಿಸಿದರೆ ಮುಂದಕ್ಕೆ ಹಾರಿ, ದುಡ್ಡಿನ ಲೆಕ್ಕ ಕೆಳಗಿದೆ. ಆದರೆ ಮಂಡ್ಯದವನಾಗಿ ನಾಲ್ಕು ತಿಂಗಳು ಅಲ್ಲಿದ್ದು ಬಂದು ಸುಮ್ನೆ ಇರೋಕೆ ಆಗಲ್ಲ.

2024ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾವಿಬ್ಬರೂ ಅಲ್ಲಿದ್ದೆವು. ಹ್ಯೂಸ್ಟನ್ ಪಕ್ಕ, ನೈಋತ್ಯಕ್ಕೆ ಮೂವತ್ತೆರಡು ಕಿಲೋಮೀಟರ್ ಇರಬಹುದು, ಮೈಸೂರಿಗೆ ಮಂಡ್ಯ ಇರೋದಕ್ಕಿಂತ ಹತ್ತಿರ. ಹೋದ ಮೂರನೇ ದಿನವೇ ಅಳಿಯನಿಗೆ ಹೇಳಿದೆ, ಸಕ್ಕರೆ ಫ್ಯಾಕ್ಟರಿ ತೋರಿಸಪ್ಪಾ ಅಂತ. ಅವನು ಅಲ್ಲಿ ಆರು ವರ್ಷದಿಂದ ಇದ್ದಾನೆ. "ಫ್ಯಾಕ್ಟರಿನಾ?" ಅಂದ. ಫೋನ್ ನೋಡಿದ. ಶನಿವಾರ ಕರೆದುಕೊಂಡು ಹೋದ.

ಫ್ಯಾಕ್ಟರಿ ಇಲ್ಲ. ಎಂಟು ಮಹಡಿಯ ಒಂದು ಇಟ್ಟಿಗೆ ಕಟ್ಟಡ ನಿಂತಿದೆ, 1925ರದ್ದು. ಚಾರ್ ಹೌಸ್ ಅಂತಾರೆ. ಸಕ್ಕರೆ ಪಾಕದ ಬಣ್ಣ ತೆಗೆಯೋಕೆ ಮೂಳೆಯ ಇದ್ದಿಲಿನಲ್ಲಿ ಸೋಸುತ್ತಿದ್ದ ಜಾಗ. ಇಂಪೀರಿಯಲ್ ಶುಗರ್ ಕಂಪನಿಯ ಕಾರ್ಖಾನೆ, 2003ರಲ್ಲಿ ಮುಚ್ಚಿತು. ಸುತ್ತ ಇದ್ದ ಕಟ್ಟಡಗಳಲ್ಲಿ ಎಷ್ಟನ್ನೋ 2010ರಲ್ಲಿ ಸಿಡಿಮದ್ದು ಇಟ್ಟು ಕೆಡವಿದರಂತೆ. ಈಗ ಹತ್ತಿರದಲ್ಲೇ ಒಂದು ಬೇಸ್‌ಬಾಲ್ ಮೈದಾನ. ಊರಿನ ಹೆಸರಲ್ಲಿ ಸಕ್ಕರೆ, ಊರಲ್ಲಿ ಒಂದು ಜಲ್ಲೆ ಕಬ್ಬಿಲ್ಲ.

ಪಕ್ಕದಲ್ಲೇ ಒಂದು ಸಣ್ಣ ಮ್ಯೂಸಿಯಂ ಇದೆ, ಊರ ಚರಿತ್ರೆಯದ್ದು. ಅಳಿಯ ಕಾಫಿ ಕುಡಿದು ಬರುತ್ತೇನೆ ಅಂತ ಹೋದ, ನಾನು ಒಂದೂವರೆ ಗಂಟೆ ಒಳಗೇ ಇದ್ದೆ. ಅಲ್ಲಿ ಮೊದಲ ಸಕ್ಕರೆ ಗಿರಣಿ ಶುರುವಾಗಿದ್ದು 1843ರಲ್ಲಿ. ಆಗ ಟೆಕ್ಸಾಸ್ ಅಮೆರಿಕಕ್ಕೆ ಸೇರಿರಲೇ ಇಲ್ಲ, ಅದೇ ಒಂದು ಬೇರೆ ದೇಶ. ವಿಲಿಯಮ್ಸ್ ಸಹೋದರರ ಜಮೀನು. ಆಮೇಲೆ ಕೈ ಬದಲಾಗಿ ಬದಲಾಗಿ 1908ರ ಹೊತ್ತಿಗೆ ಕೆಂಪ್ನರ್ ಮನೆತನ ಮತ್ತು ಎಲ್ಡ್ರಿಜ್ ಎಂಬಾತನ ಕೈಗೆ ಬಂತು. ಅವರು ಊರನ್ನೇ ಕಂಪನಿಯದು ಮಾಡಿದರು. ಮನೆ ಕಂಪನಿಯದು, ಅಂಗಡಿ ಕಂಪನಿಯದು, ಆಸ್ಪತ್ರೆ ಕಂಪನಿಯದು. ನಮ್ಮ ಕಾರ್ಖಾನೆ ಕ್ವಾರ್ಟರ್ಸ್ ನೋಡಿದವರಿಗೆ ಅರ್ಥವಾಗುತ್ತೆ, ಅದನ್ನೇ ಇಡೀ ಊರಿಗೆ ಎಳೆದರೆ ಹೇಗಿರುತ್ತೋ ಹಾಗೆ. ಮುನಿಸಿಪಾಲಿಟಿ ಥರದ್ದು ಒಂದು ಬಂದಿದ್ದೇ 1959ರಲ್ಲಿ.

ಇದಕ್ಕಿಂತ ನನಗೆ ಆಶ್ಚರ್ಯ ಆಗಿದ್ದು ಬೇರೆ. ಸುತ್ತಮುತ್ತ ಕಬ್ಬು ಬೆಳೆಯೋದು ಕಳೆದ ಶತಮಾನದ ಮೊದಲ ದಶಕಗಳಲ್ಲೇ ನಿಂತುಹೋಗಿತ್ತು. ರೋಗ, ಚಳಿ. ಆಮೇಲೆ ಎಪ್ಪತ್ತು ವರ್ಷಕ್ಕೂ ಜಾಸ್ತಿ ಅಲ್ಲಿ ಮಾಡಿದ್ದು ಕ್ಯೂಬಾ ಮುಂತಾದ ಕಡೆಯಿಂದ ಹಡಗಿನಲ್ಲಿ ಬಂದ ಕಚ್ಚಾ ಸಕ್ಕರೆಯನ್ನು ಬಿಳಿ ಮಾಡುವ ಕೆಲಸ. ನಮ್ಮಲ್ಲಿ ಲೆಕ್ಕ ಬೇರೆ. ಕನ್ನಂಬಾಡಿ ಕಟ್ಟೆ ಕಟ್ಟಿ, ನಾಲೆ ತಂದು, ನೀರು ಬಂದಮೇಲೆ ಕಬ್ಬು, ಕಬ್ಬು ಬಂದಮೇಲೆ ಕಾರ್ಖಾನೆ. ಮೈಷುಗರ್ ಹುಟ್ಟಿದ್ದು 1933ರಲ್ಲಿ, ನಾಲ್ವಡಿಯವರ ಕಾಲ, ಮಿರ್ಜಾ ಇಸ್ಮಾಯಿಲ್ ದಿವಾನರು. ಹಿಂದೆ ನಿಂತು ಕೆಲಸ ಮಾಡಿದವರು ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್, ಕೆನಡಾದವರು. ಮಂಡ್ಯ ಜಿಲ್ಲೆ ಆಗಿದ್ದು ಅದಕ್ಕೂ ಆರು ವರ್ಷ ಆದಮೇಲೆ, 1939ರಲ್ಲಿ. ಅಂದರೆ ನಮಗೆ ಮೊದಲು ಸಕ್ಕರೆ, ಆಮೇಲೆ ಜಿಲ್ಲೆ. ಕೆಲವು ವರ್ಷ ನಿಂತಿದ್ದ ಕಾರ್ಖಾನೆ 2022ರಲ್ಲಿ ಮತ್ತೆ ಕಬ್ಬು ಅರೆಯೋಕೆ ಶುರು ಮಾಡಿತು. ಸೀಸನ್ನಿನಲ್ಲಿ ಬೆಳಗ್ಗೆ ವಾಕಿಂಗ್ ಹೋದರೆ ಆ ಹುಳಿಸಿಹಿ ವಾಸನೆ ಮೂಗಿಗೆ ಬಡಿಯುತ್ತೆ. ಹೊರಗಿನವರಿಗೆ ಅದು ಗಬ್ಬು. ನನಗೆ ಅದು ಬರದಿದ್ದರೆ ಏನೋ ಸರಿಯಿಲ್ಲ ಅನ್ನಿಸುತ್ತೆ.

ಮ್ಯೂಸಿಯಂನಲ್ಲಿ ಕಿರೀಟದ ಗುರುತಿನ ಸಕ್ಕರೆ ಚೀಲ, ಹಳೇ ಫೋಟೋ ಎಲ್ಲ ನೋಡಿ ಖುಷಿಯಾಗಿಯೇ ಮನೆಗೆ ಬಂದೆ. ರಾತ್ರಿ ಮಗಳು ಕೇಳಿದಳು, "ಅಪ್ಪಾ, ತೊಂಬತ್ತೈದು ಜನರ ವಿಷಯ ಗೊತ್ತಾ?"

ಗೊತ್ತಿರಲಿಲ್ಲ. 2018ರಲ್ಲಿ ಅದೇ ಊರಲ್ಲಿ ಒಂದು ಶಾಲೆ ಕಟ್ಟೋಕೆ ನೆಲ ಅಗೆದಾಗ ಮೂಳೆ ಸಿಕ್ಕಿತು. ಅಗೆಯುತ್ತಾ ಹೋದರೆ ಒಟ್ಟು 95 ಜನರ ಸಮಾಧಿ. ಒಬ್ಬಳು ಹೆಂಗಸು, ಉಳಿದವರೆಲ್ಲ ಗಂಡಸರು. ಅತಿ ಚಿಕ್ಕವನಿಗೆ ಹದಿನಾಲ್ಕರ ಆಸುಪಾಸು. ಎಲ್ಲರೂ ಕರಿಯರು, ಕೈದಿಗಳು. ಗುಲಾಮಗಿರಿ 1865ರಲ್ಲಿ ನಿಂತಿತು ಅಂತ ನಾವು ಪುಸ್ತಕದಲ್ಲಿ ಓದಿದ್ದೇವೆ. ಕಬ್ಬಿನ ಗದ್ದೆಗೆ ಆಳು ಬೇಕಲ್ಲ? ಸಣ್ಣಪುಟ್ಟ ತಪ್ಪಿಗೂ ಕರಿಯರನ್ನು ಹಿಡಿದು ಜೈಲಿಗೆ ಹಾಕೋದು, ಜೈಲಿನಿಂದ ಬಾಡಿಗೆಗೆ ಕೊಡೋದು. 1878ರಲ್ಲಿ ಕನ್ನಿಂಗ್‌ಹ್ಯಾಮ್ ಮತ್ತು ಎಲ್ಲಿಸ್ ಎಂಬ ಇಬ್ಬರು ತೋಟದ ಮಾಲೀಕರು ಟೆಕ್ಸಾಸ್ ರಾಜ್ಯದ ಕೈದಿಗಳನ್ನೇ ಗುತ್ತಿಗೆ ಹಿಡಿದಿದ್ದರು. ಜೌಗು ನೆಲ, ಸೊಳ್ಳೆ, ಜ್ವರ, ಚಾಟಿ. ಸತ್ತರೆ ಅಲ್ಲೇ ಹೂಳೋದು. ಸ್ವಂತ ಗುಲಾಮನಾದರೆ ದುಡ್ಡು ಕೊಟ್ಟು ತಂದಿರುತ್ತಾರೆ, ಸತ್ತರೆ ನಷ್ಟ. ಬಾಡಿಗೆ ಕೈದಿ ಸತ್ತರೆ ಇನ್ನೊಬ್ಬ ಬರುತ್ತಾನೆ.

ರೆಜಿನಾಲ್ಡ್ ಮೂರ್ ಅಂತ ಒಬ್ಬರು, ಹಿಂದೆ ಜೈಲಿನ ಕಾವಲುಗಾರರಾಗಿದ್ದವರು, ಅಲ್ಲಿ ಹೆಣ ಹೂತಿದ್ದಾರೆ, ನೋಡಿ ಅಗೆಯಿರಿ ಅಂತ ವರ್ಷಗಟ್ಟಲೆ ಹೇಳುತ್ತಲೇ ಇದ್ದರಂತೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂಳೆ ಸಿಕ್ಕಿದ ಮೇಲೆ ಎಲ್ಲರಿಗೂ ಅವರು ಹೇಳಿದ್ದು ನೆನಪಾಯಿತು. 2019ರಲ್ಲಿ ಆ 95 ಜನರನ್ನು ಅಲ್ಲೇ ಮತ್ತೆ ಮಣ್ಣು ಮಾಡಿದರು. ಮರುವರ್ಷ ಮೂರ್ ಕೂಡ ಹೋಗಿಬಿಟ್ಟರು.

ಆವತ್ತು ರಾತ್ರಿ ನನಗೆ ನಿದ್ದೆ ಸರಿ ಬರಲಿಲ್ಲ. ನಮ್ಮ ಕಬ್ಬಿನ ಗದ್ದೆಯೂ ಸುಖದ್ದಲ್ಲ. ಕಟಾವಿನ ಆಳುಗಳು ಎಲ್ಲಿಂದಲೋ ಬಂದು ಗದ್ದೆ ಬದುವಿನಲ್ಲಿ ಟಾರ್ಪಾಲ್ ಕಟ್ಟಿಕೊಂಡು ಮಕ್ಕಳು ಮರಿ ಸಮೇತ ಇರುತ್ತಾರೆ, ಕಬ್ಬಿನ ಗರಿಯ ಸುಂಕು ಮೈಗೆ ಹತ್ತಿ ಕೆರೆಯುತ್ತಾರೆ, ನಾವು ರಸ್ತೆಯಲ್ಲಿ ನೋಡಿಕೊಂಡು ಹೋಗುತ್ತೇವೆ. ಎರಡೂ ಒಂದೇ ಅಂತ ಹೇಳುತ್ತಿಲ್ಲ. ಒಂದೇ ಅಲ್ಲ. ಆದರೂ ಅವರು ನೆನಪಾದರು.

ಈಗಿನ ಊರು ನೋಡಿದರೆ ಇದು ಯಾವುದರ ಸುಳಿವೂ ಸಿಗಲ್ಲ. ಅಲ್ಲಿನ ಜನಗಣತಿ ಅಂಕಿ ನೋಡಿ: 1960ರಲ್ಲಿ 2,802 ಜನ. ನಮ್ಮ ಒಂದು ದೊಡ್ಡ ಹಳ್ಳಿ ಅಷ್ಟೇ. 1980ಕ್ಕೆ 8,826. 2000ಕ್ಕೆ 63,328. 2020ಕ್ಕೆ 1,11,026. ಮಂಡ್ಯ ನಗರ 2011ರಲ್ಲೇ ಸುಮಾರು 1.37 ಲಕ್ಷ, ಹಾಗಾಗಿ ಜನದ ಲೆಕ್ಕದಲ್ಲಿ ನಾವೇ ದೊಡ್ಡಣ್ಣ. ಕೊನೆಯ ಏರಿಕೆಯಲ್ಲಿ ಒಂದು ಗುಟ್ಟಿದೆ. 2017ರ ಕೊನೆಗೆ ಗ್ರೇಟ್‌ವುಡ್, ನ್ಯೂ ಟೆರಿಟರಿ ಅನ್ನೋ ಎರಡು ದೊಡ್ಡ ಬಡಾವಣೆಗಳನ್ನು ಊರಿಗೆ ಸೇರಿಸಿಕೊಂಡರು, ಒಂದೇ ಏಟಿಗೆ ಸುಮಾರು ಮೂವತ್ತು ಸಾವಿರ ಜನ ಬಂದರು. ನಮ್ಮಲ್ಲಿ ಪಕ್ಕದ ಪಂಚಾಯ್ತಿಗಳನ್ನು ನಗರಕ್ಕೆ ಸೇರಿಸೋ ಮಾತು ಬಂದಾಗಲೆಲ್ಲ ತೆರಿಗೆ ಜಾಸ್ತಿ ಆಗುತ್ತೆ ಅಂತ ಜಗಳ ಆಗುತ್ತಲ್ಲ, ಆ ಥರದ ಕೆಲಸವೇ.

ಕಾರ್ಖಾನೆ ಮುಚ್ಚಿದರೂ ಊರು ಬೆಳೆದಿದ್ದು ಹೇಗೆ ಅಂದರೆ, ಮುಚ್ಚುವ ಹೊತ್ತಿಗೆ ಊರಿಗೆ ಅದು ಬೇಕಾಗೇ ಇರಲಿಲ್ಲ. ಹ್ಯೂಸ್ಟನ್ನಿನ ಎಣ್ಣೆ ಕಂಪನಿ, ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರು ಎಪ್ಪತ್ತರ ದಶಕದಿಂದಲೇ ಇಲ್ಲಿ ಮನೆ ಮಾಡೋಕೆ ಶುರು ಮಾಡಿದ್ದರು. ಹಳೇ ಕಬ್ಬಿನ ಜಮೀನು ಎಲ್ಲಾ ಲೇಔಟ್ ಆಯಿತು. ಎಣ್ಣೆ ಬಾವಿ ತೋಡುವ ತಂತ್ರಜ್ಞಾನದ ಎಸ್‌ಎಲ್‌ಬಿ, ಅಂದರೆ ಹಿಂದಿನ ಶ್ಲುಂಬರ್ಜೆ, ಅಲ್ಲಿ ದೊಡ್ಡ ಕ್ಯಾಂಪಸ್ ಇಟ್ಟುಕೊಂಡಿದೆ. ಸಕ್ಕರೆ ಕಂಪನಿ ಮಾತ್ರ 1997ರಲ್ಲಿ ಸವಾನಾ ಫುಡ್ಸ್ ಅನ್ನೋ ತನಗಿಂತ ಭಾರಿಯಾದ ಕಂಪನಿ ಕೊಂಡು, ಸಾಲದಲ್ಲಿ ಸಿಕ್ಕಿಕೊಂಡು, 2001ರಲ್ಲಿ ದಿವಾಳಿ ಅರ್ಜಿ ಹಾಕಿತು. ಹಾಸಿಗೆ ಇದ್ದಷ್ಟು ಕಾಲು ಚಾಚದಿದ್ದರೆ ಅಮೆರಿಕದಲ್ಲೂ ಗತಿ ಅದೇ.

ಈಗ ಅಲ್ಲಿ ಹತ್ತರಲ್ಲಿ ಸುಮಾರು ನಾಲ್ಕು ಜನ ಏಷ್ಯಾ ಮೂಲದವರು. ನಾವಿದ್ದಾಗಲೇ, ಆಗಸ್ಟ್‌ನಲ್ಲಿ, ಅಷ್ಟಲಕ್ಷ್ಮಿ ದೇವಸ್ಥಾನದಲ್ಲಿ 90 ಅಡಿ ಹನುಮಂತನ ಪ್ರತಿಮೆ ಪ್ರತಿಷ್ಠೆ ಆಯಿತು. ನನ್ನ ಹೆಂಡತಿಗೆ ಊರು ಇಷ್ಟವಾಗಿದ್ದು ಅವತ್ತೇ. ಅದಕ್ಕೂ ಮೊದಲು ಜುಲೈನಲ್ಲಿ ಬೆರಿಲ್ ಚಂಡಮಾರುತ ಬಂದು ಐದು ದಿನ ಮಗಳ ಮನೆಯಲ್ಲಿ ಕರೆಂಟ್ ಇರಲಿಲ್ಲ. ಅಷ್ಟು ದೊಡ್ಡ ಮನೆ, ಒಂದು ಯುಪಿಎಸ್ ಇಲ್ಲ! ಸೆಖೆಗೆ ಬೆವರು ಸುರಿಸುತ್ತಾ ಕೂತಾಗ ಬೀಗರು ಮಂಡ್ಯದಿಂದ ಫೋನ್ ಮಾಡಿ, ಅಮೆರಿಕ ಹೇಗಿದೆ ಅಂತ ಕೇಳಿದರು. ಇನ್ನೊಂದು, ಅಲ್ಲಿ ಕಾರಿಲ್ಲದೆ ಹಾಲಿಗೂ ಹೋಗೋಕೆ ಆಗಲ್ಲ. ನನ್ನಂಥವನಿಗೆ ಅದು ಚಿನ್ನದ ಪಂಜರ.

ಈಗ ಪಾರ್ಸೆಲ್.

ಬೆಲ್ಲ ನಾನು ಅಂಗಡಿಯಲ್ಲಿ ಕೊಂಡಿರಲಿಲ್ಲ, ಹೊಳಲು ಕಡೆಯ ಒಂದು ಆಲೆಮನೆಗೆ ಹೋಗಿ ಕೊಪ್ಪರಿಗೆ ಮುಂದೆ ನಿಂತು ತಂದಿದ್ದು. ಹಳದಿ ಬೆಲ್ಲ ಬೇಡ ಅಂದೆ. ನೋಡೋಕೆ ಚೆಂದ, ಆದರೆ ಆ ಬಣ್ಣ ಬರಲಿ ಅಂತಲೇ ಹೈಡ್ರೋಸ್ ಅನ್ನೋ ರಾಸಾಯನಿಕ ಸುರಿಯುತ್ತಾರೆ. ಸುಣ್ಣದ ನೀರು, ಬೆಂಡೆ ಗಿಡದ ಲೋಳೆ ಹಾಕಿ ಮಡ್ಡಿ ತೆಗೆದ ಕಂದು ಬಣ್ಣದ ಅಚ್ಚು ಬೆಲ್ಲ, ಐದು ಕೆಜಿ. ಜೊತೆಗೆ ಹುರಿಗಡಲೆ ಚಟ್ನಿಪುಡಿ, ಸಾರಿನ ಪುಡಿ, ಹುಣಸೆ ತೊಕ್ಕು, ರಾಗಿ ಹಿಟ್ಟು, ಚಕ್ಕುಲಿ, ನಿಪ್ಪಟ್ಟು. ಬಕೆಟ್ ಬೆಲ್ಲ ಕಳಿಸೋಕೆ ಹೋಗಬೇಡಿ, ಅದು ಒಂದೇ ದೊಡ್ಡ ಉಂಡೆ, ಅಲ್ಲಿ ಒಡೆಯೋಕೆ ಅವರ ಹತ್ತಿರ ಗುಂಡುಕಲ್ಲೂ ಇರಲ್ಲ.

ಪ್ಯಾಕಿಂಗ್‌ಗೆ ಐದಕ್ಕೆ ಐದು. ಅಲ್ಲಿ ಒಬ್ಬ ಹುಡುಗ ಇದ್ದಾನೆ, ಮಾತೇ ಆಡಲ್ಲ. ಒಂದೊಂದು ಅಚ್ಚನ್ನೂ ಬಟರ್ ಪೇಪರಿನಲ್ಲಿ ಸುತ್ತಿ, ನಾಲ್ಕು ನಾಲ್ಕು ಸೇರಿಸಿ ಕವರಿಗೆ ಹಾಕಿ ಗಾಳಿ ಎಳೆದು ಸೀಲ್ ಮಾಡಿದ. ಬೆಲ್ಲಕ್ಕೆ ತೇವ ತಾಗಿದರೆ ಕತೆ ಮುಗಿಯಿತು, ನೀರು ಬಿಟ್ಟು ಅಂಟಾಗುತ್ತೆ. ಹ್ಯೂಸ್ಟನ್ ಕಡೆ ಹವೆ ಮಂಗಳೂರಿನ ಥರ. ಅದನ್ನು ನಾನು ಹೇಳೋ ಮೊದಲೇ ಅವನು ಅರ್ಥ ಮಾಡಿಕೊಂಡಿದ್ದ. ತೊಕ್ಕಿನ ಡಬ್ಬದ ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ತಿರುಗಿಸಿ, ಸುತ್ತ ಟೇಪು, ಮೇಲೆ ಎರಡು ಕವರು. ಚಕ್ಕುಲಿ ಡಬ್ಬದೊಳಗೆ ಸಂದು ಬಿಡದ ಹಾಗೆ ಪೇಪರ್ ತುರುಕಿದ. ನಲವತ್ತು ನಿಮಿಷ ತಗೊಂಡ. ಟೀ ತರಿಸಿಕೊಟ್ಟೆ, ಅದಕ್ಕೂ ಸುಮ್ನೆ ತಲೆ ಆಡಿಸಿದ.

ಕೌಂಟರಿನ ಹುಡುಗಿಗೆ ಪಿನ್‌ಕೋಡ್ ಗೊತ್ತಿಲ್ಲದಿದ್ದರೂ ಏನು ಕಳಿಸಬಾರದು ಅನ್ನೋದು ಚೆನ್ನಾಗಿ ಗೊತ್ತಿತ್ತು. ಗಸಗಸೆ ತೆಗೆದಳು. ಒಣಗಿಸಿದ ಕರಿಬೇವಿನ ಸೊಪ್ಪು ತೆಗೆದಳು. ಕರಿಬೇವು ನಿಂಬೆ, ಕಿತ್ತಳೆ ಜಾತಿಯದ್ದು, ಅದರ ಮೂಲಕ ಅಲ್ಲಿನ ಕಿತ್ತಳೆ ತೋಟಕ್ಕೆ ರೋಗ ಹೋಗುತ್ತೆ ಅಂತ ಅಮೆರಿಕದವರು ಬಿಡಲ್ಲ. ತುಪ್ಪವನ್ನೂ ವಾಪಸ್ ಕೊಟ್ಟಳು. ನಮ್ಮವರು ಮನೆಯಲ್ಲೇ ಕಾಯಿಸಿದ್ದು, ಮುಖ ಸಪ್ಪೆ ಮಾಡಿಕೊಂಡರು, ಆದರೆ ಹುಡುಗಿ ಮಾಡಿದ್ದೇ ಸರಿ. ಒಂದು ಸಾಮಾನು ಸಿಕ್ಕಿಬಿದ್ದರೆ ಇಡೀ ಡಬ್ಬ ನಿಲ್ಲುತ್ತೆ. ಆಧಾರ್ ಜೆರಾಕ್ಸ್ ಕೇಳುತ್ತಾರೆ, ತಗೊಂಡು ಹೋಗಿ.

ಇನ್ನು ತೂಕ. ಇಲ್ಲಿ ಹುಷಾರಾಗಿರಿ. ನಮ್ಮ ಸಾಮಾನು, ಡಬ್ಬ ಎಲ್ಲಾ ಸೇರಿ ತಕ್ಕಡಿಯಲ್ಲಿ 11 ಕೆಜಿ 400 ಗ್ರಾಂ. ಬಿಲ್ಲಿನಲ್ಲಿ 16.5 ಕೆಜಿ. ಯಾಕಮ್ಮಾ ಅಂದರೆ ವಾಲ್ಯೂಮ್ ಅಂಕಲ್ ಅಂದಳು. ಡಬ್ಬದ ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ 5,000ದಿಂದ ಭಾಗಿಸಬೇಕು. ಬಂದ ಅಂಕಿಯೋ ನಿಜವಾದ ತೂಕವೋ, ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ನಮ್ಮ ಡಬ್ಬ 45, 45, 40. ಗುಣಿಸಿದರೆ 81,000. ಭಾಗಿಸಿದರೆ 16.2, ಅದನ್ನು ಮೇಲಕ್ಕೆ ಏರಿಸಿ 16.5. ಇದು ಮೋಸ ಅಲ್ಲ, ವಿಮಾನದಲ್ಲಿ ಜಾಗಕ್ಕೂ ಬೆಲೆ, ಹೆಚ್ಚಿನ ಕೊರಿಯರ್‌ನವರದ್ದೂ ಇದೇ ಥರದ ನಿಯಮ. ಆದರೆ ಹಗುರ ಚಕ್ಕುಲಿಗೆ ಜಾಗ ಜಾಸ್ತಿ ಬೇಕು ಅಂತ ಗೊತ್ತಿರೋದು ಅವರಿಗೆ, ನನಗಲ್ಲ. ಡಬ್ಬ ಆರಿಸಿದ್ದೂ ಅವರೇ. ಮೊದಲೇ ಹೇಳಿದ್ದರೆ ನಿಪ್ಪಟ್ಟು, ಚಕ್ಕುಲಿ ಮನೆಗೆ ವಾಪಸ್ ತರುತ್ತಿದ್ದೆ, ಬೆಲ್ಲ ಮತ್ತು ಪುಡಿಗಳು ಸಣ್ಣ ಡಬ್ಬದಲ್ಲಿ ಗಟ್ಟಿಯಾಗಿ ಕೂರುತ್ತಿದ್ದವು. ಟೇಪು ಹಾಕಿದ ಮೇಲೆ ಹೇಳಿದರು. 680ರ ಲೆಕ್ಕದಲ್ಲಿ 11,220 ರೂಪಾಯಿ.

ಅದರ ಮೇಲೆ ಡ್ಯೂಟಿ ಅಂತ 1,900. ಅಂಗಡಿ ಮಾಲೀಕರು "ಟ್ರಂಪ್ ಚಾರ್ಜ್ ಸಾರ್, ನಾವೇನ್ ಮಾಡಕಾಯ್ತದೆ" ಅಂದರು. ಸಾಮಾನಿನ ಬೆಲೆ 3,800 ಅಂತ ಬರೆದು ಅದರಲ್ಲಿ ಅರ್ಧ. ಭಾರತದ ಸಾಮಾನಿಗೆ ಆಗ ಶೇಕಡಾ 50 ಸುಂಕ ಇದ್ದಿದ್ದು ನಿಜ. 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಸುಂಕ ಇಲ್ಲ ಅನ್ನುವ ಹಳೇ ರಿಯಾಯಿತಿ 2025ರ ಆಗಸ್ಟ್ 29ಕ್ಕೆ ಹೋಗಿದ್ದೂ ನಿಜ. ಆದರೆ ಒಬ್ಬ ಮನುಷ್ಯ ಇನ್ನೊಬ್ಬನಿಗೆ ಕಳಿಸುವ ಉಡುಗೊರೆ 100 ಡಾಲರ್ ಒಳಗಿದ್ದರೆ ಸುಂಕ ಇಲ್ಲ, ಆ ನಿಯಮ ಉಳಿದಿತ್ತು. ನಮ್ಮದು 45 ಡಾಲರ್ ಕೂಡ ಇಲ್ಲ. ಅಳಿಯ ರಾತ್ರಿ ಫೋನಿನಲ್ಲಿ ಇದನ್ನು ಹೇಳಿದ. ಮಾರನೇ ದಿನ ಹೋಗಿ, ಡಬ್ಬದಲ್ಲಿ ಏನಿದೆ ಅಂತ ಬರೆಯುವ ಚೀಟಿ ತೆಗೆಸಿ ನೋಡಿದರೆ ಉಡುಗೊರೆ ಅಂತ ಬರೆದೇ ಇಲ್ಲ. "ಫುಡ್ ಸ್ಯಾಂಪಲ್" ಅಂತ ಬರೆದಿದ್ದಾರೆ. ಬೆಲ್ಲ ಅಂತ ಎಲ್ಲೂ ಇಲ್ಲ, "ಸ್ವೀಟ್ಸ್, 5 ಕೆಜಿ" ಅಂತ ಇದೆ.

ನನಗೆ ಸಿಟ್ಟು ಬಂದಿದ್ದು 1,900ಕ್ಕಲ್ಲ. ಬೆಲ್ಲವನ್ನು ಬೆಲ್ಲ ಅಂತ ಬರೆಯೋಕೆ ಏನು ಕಷ್ಟ? ಮಾಲೀಕರು ಹೇಳಿದ್ದು, ಬೆಲ್ಲ ಅಂತ ಬರೆದರೆ ಅಲ್ಲಿ ಅದೇನು ಅಂತ ಅರ್ಥ ಆಗದೆ ತೆರೆದು ನೋಡುತ್ತಾರೆ, ಸ್ವೀಟ್ಸ್ ಅಂದರೆ ಸಲೀಸು ಅಂತ. ಆಯಿತಾ? ಅಲ್ಲಿನ ಕಸ್ಟಮ್ಸ್‌ನವರು ತೆರೆದೇ ನೋಡಿದರು. ಹೊರಗೆ ಸ್ವೀಟ್ಸ್ ಅಂತಿದೆ, ಒಳಗೆ ಕಂದು ಬಣ್ಣದ ಇಟ್ಟಿಗೆ ಥರದ್ದು ಗಾಳಿ ಎಳೆದ ಕವರಿನಲ್ಲಿ ಸಾಲಾಗಿ ಕೂತಿದೆ. ನಾನೇ ಆ ಅಧಿಕಾರಿಯಾಗಿದ್ದರೂ ಅನುಮಾನ ಪಡುತ್ತಿದ್ದೆ! ನ್ಯೂಯಾರ್ಕ್‌ನಲ್ಲಿ ಡಬ್ಬ ಆರು ದಿನ ನಿಂತಿತು. ಟ್ರ್ಯಾಕಿಂಗ್‌ನಲ್ಲಿ ದಿನಾ ಒಂದೇ ಸಾಲು. ಅಂಗಡಿಗೆ ಫೋನ್ ಮಾಡಿದರೆ "ಬರ್ತದೆ ಸಾರ್, ಬರ್ತದೆ". ಮೂರನೇ ದಿನದಿಂದ ಫೋನ್ ಎತ್ತಲಿಲ್ಲ. ಸಕ್ಕರೆ ಇಲ್ಲದ ಊರಿಗೆ ಶುಗರ್ ಲ್ಯಾಂಡ್ ಅಂತ ಹೆಸರಿಟ್ಟುಕೊಂಡಿರೋರ ದೇಶ, ಆದರೂ ಡಬ್ಬದ ಮೇಲೆ ಬರೆದಿದ್ದು ಒಳಗಿಲ್ಲದಿದ್ದರೆ ಅವರು ಬಿಡಲ್ಲ ನೋಡಿ.

ಆಯುಧಪೂಜೆ ಹೋಯಿತು. ಅಕ್ಟೋಬರ್ 2, ವಿಜಯದಶಮಿ ದಿನ ಮಗಳ ಮನೆ ಬಾಗಿಲಲ್ಲಿ ಡಬ್ಬ ಇಟ್ಟು ಫೋಟೋ ತೆಗೆದು ಹೋಗಿದ್ದಾರೆ. ಬಿಸಿಲಲ್ಲಿ ಮೂರು ಗಂಟೆ ಇತ್ತಂತೆ. ತೆರೆದು ಮತ್ತೆ ಟೇಪು ಹಾಕಿದ್ದು ಕಾಣುತ್ತಿತ್ತು, ಒಂದು ಕವರು ಕತ್ತರಿಸಿದ್ದರು. ಆ ಒಂದು ಕವರಿನ ಬೆಲ್ಲ ಸ್ವಲ್ಪ ಬೆವರಿತ್ತು. ಉಳಿದದ್ದೆಲ್ಲ ನಮ್ಮ ಹುಡುಗ ಪ್ಯಾಕ್ ಮಾಡಿದ ಹಾಗೇ. ಮಗಳು ವಿಡಿಯೋ ಕಾಲ್‌ನಲ್ಲಿ ಒಂದು ಅಚ್ಚು ಕಚ್ಚಿ ತೋರಿಸಿದಳು. ಅವಳ ಅಮ್ಮನಿಗೆ ಅಷ್ಟು ಸಾಕಿತ್ತು. ನಾನು ಮನಸ್ಸಿನಲ್ಲೇ 13,120ನ್ನು ಐದು ಕೆಜಿ ಬೆಲ್ಲದಿಂದ ಭಾಗಿಸುತ್ತಿದ್ದೆ. ಆಲೆಮನೆಯಲ್ಲಿ ಕೊಟ್ಟಿದ್ದು ಒಟ್ಟು 350 ರೂಪಾಯಿ.

ಎರಡು ಅಚ್ಚು ಪಕ್ಕದ ಮನೆಗೂ ಹೋಯಿತಂತೆ. ಅಲ್ಲಿರೋದು ವಯಸ್ಸಾದ ಒಬ್ಬ ಅಮೆರಿಕದವರು, ನಾನಿದ್ದಾಗ ಬೇಲಿ ಪಕ್ಕ ಮಾತಾಡುತ್ತಿದ್ದರು. ಅವರ ತಂದೆ ಇಂಪೀರಿಯಲ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಬೆಲ್ಲ ತಿಂದು ಇದು ಪೂರ್ತಿ ಮಾಡದೆ ಬಿಟ್ಟ ಸಕ್ಕರೆ ಥರ ಇದೆ ಅಂದರಂತೆ. ಹೆಂಡತಿಗೆ ಬೇಜಾರಾಯಿತು. ನನಗೆ ಸರಿ ಅನ್ನಿಸಿತು. ಕಚ್ಚಾ ಸಕ್ಕರೆ ಮೂಸಿ ಬೆಳೆದವರು ಅಲ್ವಾ, ಅವರಿಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು.

ಡ್ಯೂಟಿ ದುಡ್ಡಿಗೆ ನಾಲ್ಕು ಸಲ ಓಡಾಡಿದೆ. 1,900ರಲ್ಲಿ 1,000 ವಾಪಸ್ ಕೊಟ್ಟರು, ಉಳಿದದ್ದು ಮುಂದಿನ ಪಾರ್ಸೆಲ್‌ನಲ್ಲಿ ಕಳೆಯುತ್ತಾರಂತೆ. ಮುಂದಿನ ಸಲ ಅಂಚೆ ಕಚೇರಿಗೇ ಹೋಗುತ್ತೇನೆ ಅಂತ ಅವರಿಗೆ ಹೇಳಿಲ್ಲ. ಆದರೆ ಪ್ಯಾಕಿಂಗ್ ಮಾತ್ರ ಆ ಹುಡುಗನ ಹತ್ತಿರವೇ ಮಾಡಿಸಬೇಕು ಅಂತ ಇದೆ. ಡಬ್ಬ ಒಂದಕ್ಕೆ 300 ಕೊಟ್ಟರೆ ಬರೀ ಪ್ಯಾಕಿಂಗ್ ಕೂಡ ಮಾಡಿಕೊಡುತ್ತಾರೆ, ಕೇಳಿ.

ನೀವು ಹೋಗೋದಾದರೆ, ಟೇಪು ಹಾಕುವ ಮೊದಲು ಡಬ್ಬದ ಅಳತೆ ನೀವೇ ಹಿಡಿದು ನೋಡಿ. ಚೀಟಿಯಲ್ಲಿ ಉಡುಗೊರೆ ಅಂತ ಬರೆಸಿ, ಒಳಗೆ ಏನಿದೆಯೋ ಅದರ ಹೆಸರೇ ಬರೆಸಿ, ಅಲ್ಲೇ ನಿಂತು ಓದಿ ಆಮೇಲೆ ಸಹಿ ಹಾಕಿ. ಶನಿವಾರ ಮಧ್ಯಾಹ್ನ ಎರಡರ ಮೇಲೆ ಹೋಗಬೇಡಿ. ಅಷ್ಟು ಹೊತ್ತಿಗೆ ಬೆಂಗಳೂರಿನ ಗಾಡಿ ಹೊರಟಿರುತ್ತೆ, ನಿಮ್ಮ ಡಬ್ಬ ಸೋಮವಾರದವರೆಗೆ ಅಂಗಡಿಯಲ್ಲೇ ಕೂರುತ್ತೆ, ಬೆಲ್ಲ ಇದ್ದರೆ ಇರುವೆಗೆ ಹಬ್ಬ.